ಇಪ್ಪತ್ತು ನಿಮಿಷ ಮುಂದಿನ ಟೆಲೆಕ್ಸ್

“ಸಾಮಿ, ಆ ಕಂಪ್ಯೂಟ್ರು ಟೈಮಿಗೆ ಮಾತ್ರ ಕೈ ಆಕ್ಬ್ಯಾಡಿ. ಅದ್ಕೆ ಮಾಟ ಕಟ್ಟೈತೆ.”

ಕಸ ಗುಡಿಸುವ ಮುನಿಯಕ್ಕ ಬಾಗಿಲಲ್ಲೇ ನಿಂತು ಹೇಳಿದಾಗ ನರಸಿಂಹಯ್ಯ ನಕ್ಕುಬಿಟ್ಟ. “ಮಾಟಕ್ಕೂ ಕರೆಂಟು ಬೇಕಾ ಮುನಿಯಕ್ಕ?”

ಅದು ಎಂಬತ್ತಾರನೇ ಇಸವಿ. ಪೀಣ್ಯದ ಆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕಂಪ್ಯೂಟರು ಗಂಟೆಗೊಮ್ಮೆ ತಾನಾಗಿಯೇ ಬೊಂಬಾಯಿಯ ಹೆಡ್ಡಾಫೀಸಿಗೆ ಟೆಲೆಕ್ಸ್ ಯಂತ್ರದಿಂದ ಅಚ್ಚಿನ ಸಂದೇಶ ಕಳಿಸುತ್ತಿತ್ತು. ತಿಂಗಳಿಂದ ಪ್ರತಿ ಸಂದೇಶದ ಮೇಲೂ ಇಪ್ಪತ್ತು ನಿಮಿಷ ಮುಂದಿನ ಸಮಯ. ಅದನ್ನು ಸರಿಪಡಿಸಲೆಂದೇ ಬಂದ ಹೊಸ ಇಂಜಿನಿಯರು ನರಸಿಂಹಯ್ಯ. ಬ್ಯಾಟರಿ ಬದಲಿಸಿದ, ಸಮಯ ತಿದ್ದಿದ. ರೆಪ್ಪೆ ಬಡಿಯುವಷ್ಟರಲ್ಲಿ ಅಂಕಿಗಳು ಮತ್ತೆ ಮುಂದಕ್ಕೆ ಹಾರಿದವು.

ಹಠ ಕೆರಳಿತು. ತಂತಿಯ ಜಾಡು ಹಿಡಿದು ನೆಲದ ಹಲಗೆ ಕಿತ್ತ. ಸುಟ್ಟ ಕೂದಲಿನ ಕಮಟು ಮುಖಕ್ಕೆ ಹೊಡೆಯಿತು. ಕೆಳಗಿನ ಕತ್ತಲಲ್ಲಿ ಮೊಳೆ ಚುಚ್ಚಿದ, ಕಪ್ಪಿಟ್ಟ ನಿಂಬೆಹಣ್ಣು. ಅಕ್ಷರ ಕೊರೆದ ತಾಮ್ರದ ತಗಡು. ಎರಡನ್ನೂ ತಂತಿಗೆ ಬಿಗಿದ ನರೆಗೂದಲು.

ಮುನಿಯಕ್ಕ ಕುಸಿದು ಕೂತಳು. “ನಂದೇ ಸಾಮಿ ಕೂದ್ಲು. ನನ್ ಮಗ ದಾಸಪ್ಪ ಬಾಯ್ಲರ್ ಮುಂದೆ ಬೆಂದೋದ. ಮ್ಯಾನೇಜರು ಅವನ್ದೇ ತಪ್ಪು ಅಂತ ಕಾಗ್ದ ಬರ್ದು ಕೈ ತೊಳ್ಕಂಡ್ರು. ಈ ಕಾರ್ಖಾನೆ ಉರ್ದೋಗ್ಲಿ ಅಂತ ನಾನೇ ಮಾಡಿಸ್ದೆ. ಈಗ ಕಿತ್ರೆ ಅದು ಸುಮ್ಕಿರಾಕಿಲ್ಲ!”

“ಏನ್ಮಾಡತ್ತೆ, ನೋಡೇ ಬಿಡೋಣ.” ಇಕ್ಕಳದಿಂದ ಕೂದಲು ಕತ್ತರಿಸಿದ.

ಟೆಲೆಕ್ಸ್ ತಾನಾಗಿ ಕಟಕಟಿಸಿತು. ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ ಮೂರೂ ಇಪ್ಪತ್ತು. ಕಾಗದದ ಮೇಲೆ ಮೂರೂ ನಲವತ್ತು. ಕೆಳಗೆ ಒಂದೇ ಸಾಲು: ಬಾಯ್ಲರ್ ಸಿಡಿದು ಒಂಬತ್ತು ಸಾವು.

ನರಸಿಂಹಯ್ಯ ಕಾಗದ ಹರಿದೆಸೆದ. “ಅದು ಬರ್ದಂಗೆ ಸಾಯೋಕೆ ನಾವೇನು ಕುರಿಗಳಾ?”

ಓಡಿದ. ಬಾಯ್ಲರ್ ಮನೆಯಲ್ಲಿ ಒಂಬತ್ತು ಮಂದಿ. “ಆಚೆ ನಡೀರೋ!” ಯಾರೂ ಕದಲಲಿಲ್ಲ. ಹಿಂದೆಯೇ ಬಂದ ಮುನಿಯಕ್ಕ “ನನ್ ದಾಸಪ್ಪನಂಗೆ ಬೆಂದೋಗ್ತೀರೋ!” ಅಂತ ಎದೆ ಬಡಿದುಕೊಂಡು ಚೀರಿದಳು. ಆಗ ಎದ್ದುಬಿದ್ದು ಓಡಿದರು. ನರಸಿಂಹಯ್ಯ ಒಳಗೇ ಉಳಿದ. ಒತ್ತಡದ ಮುಳ್ಳು ಕೆಂಪು ಗೆರೆ ದಾಟಿತ್ತು. ಉಗಿ ಬಿಡುವ ಚಕ್ರ ಕಚ್ಚಿಕೊಂಡಿತ್ತು. ತಿರುಗಿಸಿದ. ಅಂಗೈ ಸುಟ್ಟಿತು. ಬಿಡಲಿಲ್ಲ. ಕಿವಿಯ ಹತ್ತಿರ ಯಾರೋ ನಕ್ಕರು. ಬಿಡಲಿಲ್ಲ. ಚಕ್ರ ಸಡಿಲಿತು. ಬಿಳಿ ಉಗಿ. ಸಿಳ್ಳು. ಕತ್ತಲು.

ಬಾಯ್ಲರ್ ಸಿಡಿಯಲಿಲ್ಲ. ಅವನ ಎರಡು ಕಣ್ಣೂ ಹೋದವು.

ವಾರದ ಮೇಲೆ ಮ್ಯಾನೇಜರು ಆಸ್ಪತ್ರೆಗೆ ಬಂದು ಅವನ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿದರು. “ಏನಿಲ್ಲ ಕಣ್ರೀ, ಮಾಮೂಲಿ ಕಾಗದ. ಸೈನ್ ಮಾಡಿ.”

ನರಸಿಂಹಯ್ಯ ಪೆನ್ನನ್ನು ಕೆಳಗೆ ಬಿಟ್ಟ.

“ದಾಸಪ್ಪನ ತಪ್ಪು ಅಂತ ಬರೆದಂಥದ್ದೇ ಕಾಗದವಾ? ಓದಿ ಹೇಳಿ ಸಾರ್. ಬಾಗಿಲಾಚೆ ನಿಂತಿರೋ ಕೆಲಸಗಾರರಿಗೂ ಕೇಳೋ ಹಾಗೆ, ಗಟ್ಟಿಯಾಗಿ.”

ಮ್ಯಾನೇಜರು ಕಾಗದ ಮಡಚಿ ಜೇಬಿಗೆ ತುರುಕಿಕೊಳ್ಳುವ ಸದ್ದು ಕೇಳಿತು.