ಕಂಬಳಿಯ ಮೇಲೊಂದು ಜಾಗ

"ಯವ್ವಾ…!"

ಕೆಂಪವ್ವ ಚೀರಿದ ರಭಸಕ್ಕೆ ತಲೆಯ ಮೇಲಿನ ಬುತ್ತಿ ನೆಲಕ್ಕೆ ಬಿತ್ತು. ಹಳ್ಳದ ದಂಡೆಯ ಜಾಲಿ ಮರೆಯಿಂದ ಎದ್ದು ಬಂದವನ ಅರ್ಧ ಮುಖ ಹರಿದು ಸೊಟ್ಟಗಾಗಿತ್ತು.

"ಅಂಜಬ್ಯಾಡ್ರಿ, ನಾ ಕುರಿ ಕಾಯಾಂವ…"

ಅಷ್ಟರಲ್ಲೇ ಅವಳ ಊರಾದ ತುಕ್ಕಾನಟ್ಟಿಯ ಗಂಡಸರು ಬಡಿಗೆ ಹಿಡಿದು ಓಡಿಬಂದರು. ಕೇಳುವವರ್ಯಾರು? ಹೊಡೆದೇ ಹೊಡೆದರು.

"ಆಕಿಗೇನೂ ಅನಬ್ಯಾಡ್ರಿ, ಪಾಪ, ಅಂಜ್ಯಾಳ," ಎನ್ನುತ್ತಲೇ ಅವನು ಕುಸಿದ. ಕೆಂಪವ್ವನಿಗೆ ಬಾಯೇ ಬರಲಿಲ್ಲ.

ಅವನು ಊರಾಚೆಯ ಕುರಿದಡ್ಡಿಯ ಉದ್ದಪ್ಪ. ತೋಳದ ಬಾಯಿಂದ ಕುರಿ ಬಿಡಿಸಲು ಹೋಗಿ ಮುಖ ಕೆಡಿಸಿಕೊಂಡವನು. ಅಂದಿನಿಂದ ಯಾವ ಊರೂ ಅವನನ್ನು ಸೇರಿಸುತ್ತಿರಲಿಲ್ಲ. ಅಪಶಕುನವಂತೆ! ಕುರಿಗಳಿಗೆ ಮಾತ್ರ ಆ ಶಕುನಶಾಸ್ತ್ರ ತಿಳಿದಿರಲಿಲ್ಲ.

ಆಗ ಮುಂಬೈ ಸರಕಾರದ ಕಾಲ. ಊರ ನ್ಯಾಯ ಊರಲ್ಲೇ ಆಗುತ್ತಿತ್ತು. ಮರುದಿನ ಬೀರಪ್ಪನ ಗುಡಿ ಮುಂದೆ ಹಿರಿಯರು ಕಂಬಳಿ ಹಾಸಿ ಕೂತರು. ಕುರುಬರಿಗೆ ಆ ಕಂಬಳಿಯೇ ಗದ್ದಿಗೆ. ಅದರ ಮೇಲೆ ಕೂರಿಸಿಕೊಂಡರೆ ನಮ್ಮವನು, ಇಲ್ಲದಿದ್ದರೆ ಪರಕೀಯ. ಉದ್ದಪ್ಪನನ್ನು ಮಣ್ಣಲ್ಲಿ ನಿಲ್ಲಿಸಿದ್ದರು.

"ಹೆಣ್ಮಗಳ ಮೈಮ್ಯಾಲೆ ಹೋಗ್ಯಾನ. ನಮ್ಮ ಸೀಮಿ ಬಿಡಸ್ರಿ," ಎಂದ ಹಿರಿಯ ಲಗಮಣ್ಣ.

ಕೆಂಪವ್ವ ಮಣ್ಣಲ್ಲಿ ನಿಂತವನನ್ನು ನೋಡಿದಳು. 'ನಾ ಬಾಯಿ ತಗದಿದ್ದಕ್ಕ ಇಂವಗ ಈ ಗತಿ. ಈಗ ಬಾಯಿ ಮುಚ್ಚಿದ್ರ ನಾ ಎಂಥಾಕಿ…'

ಹೆಂಗಸರ ನಡುವಿನಿಂದ ಎದ್ದು ಮುಂದೆ ಬಂದಳು.

"ಕಾಕಾ, ಇಂವ ನನ್ನ ಮುಟ್ಟಿಲ್ಲ. ಮುಖ ನೋಡಿ ನಾನ ಚೀರಿದ್ನಿ. ತಪ್ಪು ನಂದು."

"ಸುಮ್ನ ಕುಂಡ್ರ, ಕೆಂಪಿ," ಅಪ್ಪ ಬೀರಸಿದ್ದಪ್ಪ ಗದರಿದ.

"ನಿನ್ನೆ ಸುಮ್ನ ನಿಂತಿದ್ದಕ್ಕ ಇಂವನ ಮೈತುಂಬ ಬಾಸುಂಡಿ ಎದ್ದಾವ, ಅಪ್ಪಾ. ಇವತ್ತ ಸುಮ್ನ ಕುಂಡ್ರಂಗಿಲ್ಲ."

ಲಗಮಣ್ಣ ನಕ್ಕ. "ಅಷ್ಟು ಕರುಳು ಮಿಡೀತಿದ್ರ ನೀನ ಲಗ್ನಾ ಮಾಡ್ಕೋ."

"ಅಂವ ಒಪ್ಪಿದ್ರ ಮಾಡ್ಕೋತೇನಿ."

ಉದ್ದಪ್ಪನೇ ಬೇಡವೆಂದು ತಲೆ ಅಲ್ಲಾಡಿಸಿದ.

"ಕನಿಕರಕ್ಕ ಸಂಸಾರ ಕಟ್ಟಾಕ ಬರಂಗಿಲ್ರಿ. ನಿನ್ನೆ ಚೀರಿದವರು ನೀವು."

"ಖರೆ, ಚೀರಿದ್ನಿ. ಆದ್ರ ಬಡಿಗಿ ಬೀಳೂವಾಗ ಸೈತ ನನ್ನ ಪರ ಮಾತಾಡಿದವರು ನೀವೊಬ್ರ. ಅಂಥವರನ್ನ ಬಿಟ್ಟು ಬ್ಯಾರೆಯವರ ಮನಿ ನಾ ಯಾಕ ಸೇರ್ಲಿ? ಇದು ಕನಿಕರ ಅಲ್ರಿ. ನೀವು ಬೇಕಾಗೀರಿ ನನಗ."

ಬೀರಸಿದ್ದಪ್ಪ ಮಗಳನ್ನೇ ನೋಡಿದ. ಹಿಡಿದ ಹಟ ಬಿಡುವವಳಲ್ಲ. ನಿನ್ನೆ ಬಡಿಗೆ ಬೀಸಿದವರಲ್ಲಿ ತಾನೂ ಒಬ್ಬನೆಂಬುದು ಅವನನ್ನು ಬೆಳಗಿನಿಂದ ಚುಚ್ಚುತ್ತಿತ್ತು. ನಿಧಾನವಾಗಿ ಪಕ್ಕಕ್ಕೆ ಸರಿದು ಕಂಬಳಿಯ ಮೇಲೆ ಜಾಗ ಮಾಡಿದ.

"ಬರ್ರಿ ಅಳಿಯಂದಿರ. ಇಲ್ಲಿ ಕುಂದರ್ರಿ."

ಲಗಮಣ್ಣ ಗೊಣಗಿದ, ಆದರೆ ಕಂಬಳಿ ಬಿಟ್ಟು ಏಳಲಿಲ್ಲ.

ಉದ್ದಪ್ಪ ಕೂತ. ಕಣ್ಣೀರು ಹರಿಯತೊಡಗಿತ್ತು. ಕೆಂಪವ್ವ ಹತ್ತಿರ ಬಂದಾಗ ಹರಿದ ಕೆನ್ನೆಯನ್ನು ಆಚೆ ತಿರುಗಿಸಿಕೊಂಡ.

"ಇನ್ನೂ ಅಂಜಿಕಿ ಐತೇನ್ರಿ?" ಮೆಲ್ಲಗೆ ಕೇಳಿದ.

"ಐತಿ," ಎಂದಳು ಕೆಂಪವ್ವ. "ಆದ್ರೂ ಈ ಕಡೆ ತಿರುಗ್ರಿ."

ಅವನು ತಿರುಗಿದ.