ಹನ್ನೊಂದು ಕ್ಲಿಕ್ಕಿನ ಬಿಗಿ

ಯೋಹೇಯ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದ ಮೂರನೆಯ ದಿನ ಸಗಾರಾ ಒಂದು ಪೆಟ್ಟಿಗೆ ಖರಬೂಜ ಹಿಡಿದು ಆಸ್ಪತ್ರೆಗೆ ಬಂದಿದ್ದ. ಕಾಡುದಾರಿಯ ರೇಸಿನಲ್ಲಿ ಯೋಹೇಯ ಬೈಕಿಗೆ ಹಿಂದಿನಿಂದ ಗುದ್ದಿದವನು ಅವನೇ. "ದಾರಿ ಬಿಟ್ಟಿದ್ರೆ ಕಾಲು ಉಳೀತಿತ್ತಲ್ಲೋ," ಎಂದು ನಕ್ಕು, ಹಣ್ಣನ್ನು ಮೇಜಿನ ಮೇಲಿಟ್ಟು ಹೊರಟ. ಯೋಹೇಯ ಅಣ್ಣ ಇವಾಮಿ ಬಾಗಿಲವರೆಗೆ ಹೋಗಿ ತಲೆಬಾಗಿ ಬೀಳ್ಕೊಟ್ಟ. ಹೊಕ್ಕೈಡೋದ ಆ ಸಣ್ಣ ಊರಿನಲ್ಲಿ ಸಗಾರಾನ ಬೈಕನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕೂ ಇವಾಮಿಯೇ.

ಎರಡು ವರ್ಷ ಅವನು ಅದೇ ಬೈಕಿನ ಚೈನಿಗೆ ಎಣ್ಣೆ ಹಾಕಿದ, ಟೈರು ಬದಲಿಸಿದ. ಅವಸರ ಮಾಡಲಿಲ್ಲ.

ಸೇಡಿಗೆ ದಾರಿ ತೋರಿಸಿಕೊಟ್ಟವನು ಸಗಾರಾನೇ. ಅವನ ಬೈಕಿನ ಹ್ಯಾಂಡಲ್ ಮೇಲೆ ಅಂಗೈಯಗಲದ ಒಂದು ಡ್ಯಾಂಪರ್ ಇತ್ತು. ಒಳಗಿನ ಎಣ್ಣೆ ಹ್ಯಾಂಡಲ್ಲನ್ನು ಹಿಡಿದಿಡುತ್ತದೆ. ಮೇಲಿನ ತಿರುಪನ್ನು ಒಂದೊಂದು ಕ್ಲಿಕ್ ತಿರುಗಿಸಿದಂತೆ ಬಿಗಿ ಹೆಚ್ಚುತ್ತದೆ. ವೇಗದಲ್ಲಿ ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಗದಂತೆ ತಡೆಯುವುದು ಅದೊಂದೇ.

"ಇದಕ್ಕೆ ಮಾತ್ರ ಕೈ ಹಾಕ್ಬೇಡಿ ಇವಾಮಿ-ಸಾನ್," ಎಂದು ಸಗಾರಾ ರಿಪೇರಿ ಅಂಗಡಿಯಲ್ಲಿ ಎಲ್ಲರೆದುರೇ ಹೇಳಿದ್ದ. "ಎಣ್ಣೆ ಬದಲಾಯ್ಸೋದೂ ನಾನೇ. ಹನ್ನೊಂದು ಕ್ಲಿಕ್. ನಿಮ್ಮ ಕೈಗೆ ಸಿಕ್ರೆ ಎತ್ತಿನ ಗಾಡಿ ಆಗೋಗುತ್ತೆ."

"ಗಾಡಿ ಓಡಿಸೋರ ಮೇಲಿರುತ್ತೆ ಅದು," ಎಂದಳು ಅಂಗಡಿಯ ಒಡತಿ, ಮುದುಕಿ ಹತ್ಸುಯೆ. ಎಲ್ಲರೂ ನಕ್ಕರು. ಇವಾಮಿಯೂ ನಕ್ಕ. ಡ್ಯಾಂಪರನ್ನು ಅವನು ಮುಟ್ಟುವುದಿಲ್ಲ ಎನ್ನುವುದಕ್ಕೆ ಆ ಹೊತ್ತಿಗೆ ನಾಲ್ವರು ಸಾಕ್ಷಿಗಳಾಗಿದ್ದರು.

ಡ್ಯಾಂಪರಿಗೆ ತುಂಬಲು ಅಡುಗೆ ಎಣ್ಣೆಯನ್ನು ಇವಾಮಿ ಮನೆಯಲ್ಲೇ ಪರೀಕ್ಷಿಸಿದ. ಫ್ರಿಜ್ಜಿನಲ್ಲಿಟ್ಟರೆ ಮಂದ, ಬಿಸಿಯಾದರೆ ನೀರು. ಅಕ್ಟೋಬರಿನ ಬೆಳಗಿನ ಚಳಿಯಲ್ಲಿ ಸಗಾರಾ ಹ್ಯಾಂಡಲ್ ತಿರುಗಿಸಿ ನೋಡಿದರೆ ಹನ್ನೊಂದು ಕ್ಲಿಕ್ಕಿನ ಬಿಗಿ ಹಾಗೇ ಇರುತ್ತದೆ. ಕಲ್ಲುದಾರಿಯಲ್ಲಿ ಅರ್ಧ ಗಂಟೆ ಕುಲುಕಾಡಿ ಎಣ್ಣೆ ಕಾದ ಮೇಲೆ ಇರುವುದಿಲ್ಲ. ಆ ಹೊತ್ತಿಗೆ ಅವನು ಜಲ್ಲಿಯ ಇಳಿಜಾರಿನಲ್ಲಿ, ಎಡಕ್ಕೆ ಕಣಿವೆ ಇಟ್ಟುಕೊಂಡು ಬರುತ್ತಿರುತ್ತಾನೆ. ಆಮೇಲೆ ಯಾರಾದರೂ ಡ್ಯಾಂಪರ್ ಬಿಚ್ಚಿದರೂ ಚಿಂತೆಯಿಲ್ಲ. ಅಡುಗೆ ಎಣ್ಣೆ ತುಂಬುವುದು ಹವ್ಯಾಸಿಗಳು ಮಾಡುವ ತಪ್ಪು, ಮೆಕ್ಯಾನಿಕ್ಕಿನದಲ್ಲ.

ರೇಸಿನ ಮುಂಚಿನ ಗುರುವಾರ ಬೈಕು ಬ್ರೇಕ್ ಕೆಲಸಕ್ಕೆ ಬಂತು. ಮಧ್ಯಾಹ್ನ ಉಳಿದವರು ಸ್ಟೇಷನ್ ಎದುರಿನ ಅಂಗಡಿಗೆ ರಾಮೆನ್ ತಿನ್ನಲು ಹೋದರು. ಇವಾಮಿ ಹೊಟ್ಟೆನೋವೆಂದು ಉಳಿದ. ಕೈಗವಸು ಹಾಕಿದ. ಮುಚ್ಚಳದ ಮೂರು ಸ್ಕ್ರೂ ಬಿಚ್ಚಿ, ಹಳೆಯ ಎಣ್ಣೆ ಬಸಿದು, ಹೊಸದನ್ನು ತುಂಬಿ, ಮತ್ತೆ ಬಿಗಿ ಮಾಡಿದ. ತಿರುಪನ್ನು ಎಣಿಸಿ ಹನ್ನೊಂದಕ್ಕೇ ತಂದಿಟ್ಟ. ಹದಿನೆಂಟು ನಿಮಿಷ. ಇಪ್ಪತ್ತೆರಡು ವರ್ಷಗಳ ಕೆಲಸದಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ ಎನಿಸಿತು.

ಭಾನುವಾರ ಹತ್ತೂ ಮುಕ್ಕಾಲಿಗೆ ಸಗಾರಾ ಆ ಇಳಿಜಾರಿನಲ್ಲಿ ಬಿದ್ದ. ಹಿಂದೆ ಬರುತ್ತಿದ್ದವನು ಹೇಳಿದ ಪ್ರಕಾರ ಹ್ಯಾಂಡಲ್ ಹಾವಿನ ಹೆಡೆಯಂತೆ ಎಡಕ್ಕೂ ಬಲಕ್ಕೂ ಬಡಿದಾಡಿತಂತೆ. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು. ಇವಾಮಿ ಕಪ್ಪು ಟೈ ಕಟ್ಟಿಕೊಂಡು ಹೋಗಿ ಅಗರಬತ್ತಿ ಹಚ್ಚಿ ಬಂದ.

ಮುಂದಿನ ಗುರುವಾರ ಪೊಲೀಸ್ ಅಧಿಕಾರಿ ಅಂಗಡಿಗೆ ಬಂದು, ಮಣ್ಣು ಮೆತ್ತಿಕೊಂಡಿದ್ದ ಡ್ಯಾಂಪರನ್ನು ಮೇಜಿನ ಮೇಲಿಟ್ಟು, ಇದನ್ನು ಬಿಚ್ಚಿದ್ದು ಯಾರೆಂದು ಕೇಳಿದ. "ಅದನ್ನ ಮುಟ್ಟೋಕೇ ಬಿಡ್ತಿರ್ಲಿಲ್ಲ ಸಾರ್. ಒಂದು ಸಲಾನೂ ಬಿಚ್ಚಿಲ್ಲ ನಾನು. ಇವರನ್ನೆಲ್ಲ ಕೇಳಿ," ಎಂದ ಇವಾಮಿ. ಉಳಿದವರು ಹೌದೆಂದು ತಲೆಯಾಡಿಸಿದರು. ಹತ್ಸುಯೆ ಒದ್ದೆ ಬಟ್ಟೆಯಿಂದ ಮುಚ್ಚಳದ ಮೇಲಿನ ಮಣ್ಣೊರೆಸಿದವಳು ಅಲ್ಲಿಗೇ ಕೈ ನಿಲ್ಲಿಸಿದಳು. ಸ್ಕ್ರೂ ಬಿಗಿ ಮಾಡಿದವನು ಅದರ ತಲೆಯಿಂದ ಲೋಹದ ಮೇಲಕ್ಕೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ಸ್ಕ್ರೂ ಸಡಿಲವಾದರೆ ಗೆರೆ ಮುರಿದು ತಿಳಿಯುತ್ತದೆ. ಯಾವ ಮೆಕ್ಯಾನಿಕ್ಕೂ ಯೋಚಿಸಿ ಮಾಡುವ ಕೆಲಸವಲ್ಲ ಅದು, ಬಿಗಿ ಮಾಡಿದ ಕೈಯೇ ಮುಗಿಸಿಬಿಡುತ್ತದೆ. ಆ ಅಂಗಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಮುಚ್ಚಳದ ಮೂರೂ ಸ್ಕ್ರೂಗಳ ಮೇಲೆ ಮೂರು ಹಳದಿ ಗೆರೆಗಳಿದ್ದವು, ಸಣ್ಣವು, ನೇರವಾದವು, ಎಲ್ಲೂ ಮುರಿಯದವು. "ಈ ಹಳದಿ ಯಾರ್ದಮ್ಮ?" ಎಂದು ಅಧಿಕಾರಿ ಕೇಳಿದ. ಹತ್ಸುಯೆ ಬಟ್ಟೆಯನ್ನು ಮಡಿಸಿಟ್ಟು, ಇವಾಮಿಯ ಮುಖ ನೋಡದೆ, ಅವನ ಎದೆಯ ಜೇಬಿನಲ್ಲಿದ್ದ ಪೆನ್ನನ್ನು ನೋಡಿದಳು.