ಒಂದು ಗುಡಿಸು ಹೆಚ್ಚಾಯಿತು

"ಇದೇನಿದು?" ಎಂದಳು. ಉಳಿ ಹಿಡಿದೇ ಅವಳ ಬೆರಳು ತೋರಿದ ಕಡೆ ನೋಡಿದೆ.

ದೊಡ್ಡ ಚೌಕದ ಸ್ವಾತಂತ್ರ್ಯ ಸ್ಮಾರಕಕ್ಕೆ ಹೊಸ ಫಲಕ ಕೆತ್ತುತ್ತಿದ್ದವನು ನಾನು. ಅಕ್ಷರ ನೋಡಿ ಸಹಿ ಹಾಕುವವಳು ನಗರಸಭೆಯ ಈ ಹುಡುಗಿ. ಕೊಂಬು, ದೀರ್ಘ ಯಾವುದನ್ನೂ ಬಿಡದವಳೆಂದು ನಾನಿಟ್ಟ ಹೆಸರು ದೀರ್ಘಮ್ಮ. ಅವಳ ಬಾಯಲ್ಲಿ ನಾನು ಉಳಿರಾಯ.

'ನಾಡಿಗಾಗಿ ಮಡಿದವರಿಗೆ' ಎಂದಿರಬೇಕಿತ್ತು. ಕಲ್ಲಿನ ಮೇಲೆ 'ನಾಡಿಗಾಗಿ ಮಿಡಿದವರಿಗೆ' ಎಂದಿತ್ತು.

ಕೆತ್ತುವ ಮುಂಚೆ ಮಾದರಿ ಹಾಳೆ ಬರೆದವನೂ ನಾನೇ. ಅದರಲ್ಲೂ ಇದೇ ತಪ್ಪು, ಕೆಳಗೆ ಅವಳ ಸಹಿ. ಇಂಜಿನಿಯರ್ ಸಾಹೇಬರು ಇನ್ನೇನು ಬರುವವರಿದ್ದರು. ಮುಂದಿನ ತಿಂಗಳು ಅವಳ ಕೆಲಸ ಖಾಯಂ ಆಗುವುದಿತ್ತು. ಅದಕ್ಕೆ ನಾನೇ ಕಲ್ಲು ಹಾಕಿಬಿಟ್ಟಿದ್ದೆ.

"ಹಾಳೆ ಕೊಡಿ, ಹರಿದು ಹಾಕ್ತೀನಿ. ಕೆತ್ತೋವಾಗ ನಂದೇ ಕೈತಪ್ಪು ಅಂತೀನಿ."

"ಆಮೇಲೆ ನಿಮಗೆ ಯಾರು ಕೆಲಸ ಕೊಡ್ತಾರೆ?"

"ನನ್ನ ಚಿಂತೆ ನಿಮಗ್ಯಾಕೆ ಮೇಡಂ?"

"ಯಾಕೆ ಅಂತ ಗೊತ್ತಿಲ್ವಾ?" ಎಂದು ದುರುಗುಟ್ಟಿ ನೋಡಿದಳು. ಕಣ್ಣು ತುಂಬಿತ್ತು. ಹಾಳೆ ಮಡಚಿ ಬ್ಯಾಗಿಗೆ ಸೇರಿಸಿದಳು. "ಮೊದಲು ಹೇಳಿ, ಈ ಗುಡಿಸು ಎಲ್ಲಿಂದ ಬಂತು?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಬರೆಯೋವಾಗ ನೀವು ಪಕ್ಕದಲ್ಲೇ ನಿಂತಿದ್ರಿ. ಕೈ ಅದರ ಪಾಡಿಗೆ ಬರೀತು."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜೀಪು ಬಂದು ನಿಂತಿತು.

ಸಾಹೇಬರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಯಾರದು ಈ ತಪ್ಪು?"

"ನಂದು ಸಾರ್."

"ಇಬ್ಬರದೂ ಸಾರ್." ಅವಳು ಹಾಳೆ ಬಿಡಿಸಿ ಹಿಡಿದಳು.

"ಅಲ್ಲಮ್ಮಾ, ಒಂದು ಚುಕ್ಕಿ ತಪ್ಪಿದ್ರೂ ನನ್ನ ಜೀವ ತಿನ್ನೋಳು ನೀನು. ಇಷ್ಟು ದೊಡ್ಡ ಅಕ್ಷರ ಕಾಣ್ಲಿಲ್ವಾ?"

ಅವಳು ಹಾಳೆಯನ್ನು ಸಾಹೇಬರ ಕೈಗಿಟ್ಟಳು.

"ಹಾಳೆ ನೋಡ್ಲಿಲ್ಲ ಸಾರ್. ಇವರನ್ನ ನೋಡ್ತಿದ್ದೆ."

ನನ್ನ ಕೈಯಿಂದ ಉಳಿ ಜಾರಿ ಮೆಟ್ಟಿಲ ಮೇಲೆ ಬಿತ್ತು. ಸಾಹೇಬರು ಅದನ್ನೇ ನೋಡಿದರು, ಆಮೇಲೆ ನಮ್ಮಿಬ್ಬರನ್ನು.

"ಶುಕ್ರವಾರ ಪರದೆ ತೆಗೀತೀವಿ. ಅಷ್ಟರಲ್ಲಿ ಆ ಸಾಲು ತೇದು ಮತ್ತೆ ಕೆತ್ತಿ. ನಿನ್ನ ಖಾಯಂ ಆರು ತಿಂಗಳು ಮುಂದಕ್ಕೆ ಹೋಯ್ತಮ್ಮ, ನಾನೇನೂ ಮಾಡೋಕಾಗಲ್ಲ."

ಜೀಪು ಹೋಯಿತು. ಆರು ತಿಂಗಳು ನನ್ನಿಂದ ಹೋಯಿತೆಂದು ನನಗೆ ತಲೆ ಎತ್ತಲಾಗಲಿಲ್ಲ. ಅವಳು ಉಳಿ ಎತ್ತಿ ನನ್ನ ಕೈಗಿಟ್ಟಳು, ಮೆಟ್ಟಿಲ ಮೇಲೆ ಕೂತಳು.

"ಈ ಸಲ ಮುಗಿಯೋವರೆಗೂ ಇಲ್ಲೇ ಕೂತು ನೋಡ್ತೀನಿ ಉಳಿರಾಯರೆ."

"ಏನನ್ನ?"

"ಕಲ್ಲನ್ನ," ಎಂದಳು, ನನ್ನ ಮುಖದಿಂದ ಕಣ್ಣು ತೆಗೆಯದೆ.